ನೆರ್ಲೋವ್ ಡೇಟಾದಲ್ಲಿ 0.72 ಬಂತು, ಆದರೆ ನಂಬಲು ಧೈರ್ಯ ಬರುತ್ತಿಲ್ಲ

ಧಾರವಾಡ_ಎಂಎ:
ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರಜ್ಞ ಮಾರ್ಕ್ ನೆರ್ಲೋವ್ 1963ರಲ್ಲಿ ಪ್ರಕಟಿಸಿದ ಅಮೆರಿಕದ ವಿದ್ಯುತ್ ಕಂಪನಿಗಳ ಲೆಕ್ಕವನ್ನು ನಾನೇ ಮತ್ತೆ ಮಾಡಿ ನೋಡುತ್ತಿದ್ದೇನೆ. 1955ರ ಡೇಟಾ, 145 ಕಂಪನಿಗಳು. ಮೂರು ದಿನದಿಂದ ಇದೇ ಕೆಲಸ. ಪಟ್ಟಿಯ ಮೊದಲ ಕಂಪನಿ ವರ್ಷಕ್ಕೆ 20 ಲಕ್ಷ ಯೂನಿಟ್ ತಯಾರಿಸಿದೆ, ಖರ್ಚು 82 ಸಾವಿರ ಡಾಲರ್. ಕೊನೆಯದು ಸುಮಾರು 1,672 ಕೋಟಿ ಯೂನಿಟ್, ಖರ್ಚು 13.9 ಕೋಟಿ ಡಾಲರ್. ಯೂನಿಟ್‌ಗೆ ಅಲ್ಲಿ 4.1 ಸೆಂಟ್, ಇಲ್ಲಿ 0.83 ಸೆಂಟ್! ಈ ಎರಡು ಸಾಲು ನೋಡಿಯೇ ನನಗೆ ಈ ವಿಷಯದ ಹುಚ್ಚು ಹಿಡಿಯಿತು.

ಒಟ್ಟು ಖರ್ಚಿನ ಲಾಗ್ (ಲಾಗರಿದಮ್) ಒಂದು ಕಡೆ. ಉತ್ಪಾದನೆ, ಕೂಲಿ, ಬಂಡವಾಳ, ಇಂಧನದ ಬೆಲೆ, ಇವುಗಳ ಲಾಗ್ ಇನ್ನೊಂದು ಕಡೆ. ರಿಗ್ರೆಷನ್, ಅಂದರೆ ಡೇಟಾಗೆ ಹತ್ತಿರವಾಗಿ ಹೊಂದುವ ಸಮೀಕರಣ ಹುಡುಕುವ ಲೆಕ್ಕ, ಮಾಡಿದಾಗ ಉತ್ಪಾದನೆಗೆ 0.72 ಬಂತು. ಅಂದರೆ ಉತ್ಪಾದನೆ ಎರಡು ಪಟ್ಟಾದರೆ ಖರ್ಚು ಸುಮಾರು ಶೇ. 65 ಮಾತ್ರ ಏರುತ್ತದೆ, ಅಲ್ವಾ? ಆರ್ ಸ್ಕ್ವೇರ್ (ಸಮೀಕರಣ ಡೇಟಾಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಅಂದರೆ ಪೂರ್ತಿ) 0.93. ಆದರೆ ರೆಸಿಡ್ಯುಯಲ್‌ಗಳ (ನಿಜವಾದ ಖರ್ಚಿಗೂ ಸಮೀಕರಣದ ಅಂದಾಜಿಗೂ ಇರುವ ವ್ಯತ್ಯಾಸ) ಚಿತ್ರವನ್ನು ಉತ್ಪಾದನೆಯ ಪ್ರಕಾರ ಬರೆದರೆ ಎರಡೂ ತುದಿ ಮೇಲೆ, ನಡು ಕೆಳಗೆ. ಬಂಡವಾಳದ ಬೆಲೆಗೆ ಬೇರೆ ಮೈನಸ್ 0.22. ಬೆಲೆ ಏರಿದರೆ ಖರ್ಚು ಇಳಿಯುವುದು ಹೇಗೆ? ಎಲ್ಲಿ ತಪ್ಪಿದೆ?

ಲೆಕ್ಕದ_ಮೇಡಂ:
ನೀವು ತಪ್ಪಿಲ್ಲ. ಮೈನಸ್ 0.22ರ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ) ನೋಡಿ, ಸುಮಾರು 0.34. ಅದನ್ನು ಸೊನ್ನೆಯಿಂದ ಬೇರೆ ಎನ್ನಲು ಆಗುವುದಿಲ್ಲ. ನಿಜವಾದ ವಿಷಯ ಆ ಚಿತ್ರದಲ್ಲಿದೆ. 20 ಲಕ್ಷದವನಿಗೂ 1,672 ಕೋಟಿಯವನಿಗೂ ಒಂದೇ ಇಳಿಜಾರು (ಆ 0.72) ಎಂದು ನಿಮ್ಮ ಸಮೀಕರಣ ಮೊದಲೇ ಹೇಳಿಬಿಟ್ಟಿದೆ. ಡೇಟಾ ಅದನ್ನು ಒಪ್ಪುತ್ತಿಲ್ಲ. ನೆರ್ಲೋವ್ ಅವರಿಗೂ ಇದೇ ಕಂಡಿತ್ತು. ಅವರು ಗಾತ್ರದ ಪ್ರಕಾರ 29 ಕಂಪನಿಗಳ ಐದು ಗುಂಪು ಮಾಡಿದರು. ನೀವೂ ಮಾಡಿ. ಆಮೇಲೆ ಲಾಗ್ ಉತ್ಪಾದನೆಯ ವರ್ಗವನ್ನೂ (ಸ್ಕ್ವೇರ್) ಸೇರಿಸಿ ನೋಡಿ.

ಧಾರವಾಡ_ಎಂಎ:
ಮಾಡಿದೆ ಮೇಡಂ! ಚಿಕ್ಕವರ ಗುಂಪಿನಲ್ಲಿ ಸುಮಾರು 0.4. ದೊಡ್ಡವರಲ್ಲಿ 1ಕ್ಕಿಂತ ಒಂಚೂರು ಜಾಸ್ತಿ. ಹಾಗಾದರೆ ದೊಡ್ಡ ಕಂಪನಿ ಇನ್ನೂ ಬೆಳೆದರೆ ಉಳಿತಾಯ ಏನೂ ಇಲ್ಲ! ಆ 0.72 ಇದನ್ನು ಪೂರ್ತಿ ಮುಚ್ಚಿಟ್ಟಿತ್ತು.

ಲೆಕ್ಕದ_ಮೇಡಂ:
ಹೌದು. ಅರ್ಥಶಾಸ್ತ್ರಜ್ಞರಾದ ಕ್ರಿಸ್ಟೆನ್ಸನ್ ಮತ್ತು ಗ್ರೀನ್ 1976ರಲ್ಲಿ ಟ್ರಾನ್ಸ್‌ಲಾಗ್ (ಗಾತ್ರದ ಜೊತೆ ಇಳಿಜಾರು ಬದಲಾಗಲು ಬಿಡುವ ಸಮೀಕರಣ) ಬಳಸಿ ಅಮೆರಿಕದ ವಿದ್ಯುತ್ ಕಂಪನಿಗಳ 1970ರ ಡೇಟಾ ನೋಡಿದರು. ಆಗಲೇ ಹೆಚ್ಚಿನ ವಿದ್ಯುತ್ ಸರಾಸರಿ ವೆಚ್ಚದ ರೇಖೆಯ ಸಪಾಟು ಭಾಗದಲ್ಲಿದ್ದ, ಅಂದರೆ ಬೆಳೆದರೂ ಹೆಚ್ಚೇನೂ ಉಳಿಯದ, ಕಂಪನಿಗಳಿಂದ ಬರುತ್ತಿತ್ತು.

ಗಂಗಾವತಿ_ಮಿಲ್:
ನಮ್ಮದು ರೈಸ್ ಮಿಲ್. 24 ತಿಂಗಳ ಖರ್ಚಿನ ಲೆಕ್ಕ ಇದೆ. ಇದೇ ರೀತಿ ಮಾಡಿದರೆ ಮಿಲ್ ದೊಡ್ಡದು ಮಾಡಬೇಕೋ ಬೇಡವೋ ಗೊತ್ತಾಗುತ್ತದಾ?

ಲೆಕ್ಕದ_ಮೇಡಂ:
ಇಲ್ಲ ಸರ್. 24 ತಿಂಗಳೂ ಮಷಿನ್ ಅದೇ. ಸೀಸನ್‌ನಲ್ಲಿ ಪೂರ್ತಿ ಓಡುತ್ತದೆ, ಆಮೇಲೆ ಅರ್ಧ ಓಡುತ್ತದೆ. ಇರುವ ಮಿಲ್ ತುಂಬಿ ಓಡಿದಾಗ ಕ್ವಿಂಟಲ್‌ಗೆ ಎಷ್ಟು ಉಳಿಯುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ಇನ್ನೊಂದು ವಿಷಯ. ಆ ವಿದ್ಯುತ್ ಕಂಪನಿಗಳು ಜನ ಕೇಳಿದಷ್ಟು ಕೊಡಲೇಬೇಕಿತ್ತು, ದರವೂ ಅವರ ಕೈಯಲ್ಲಿ ಇರಲಿಲ್ಲ. ನೀವು ಭತ್ತ ಅಗ್ಗವಾದಾಗ ಜಾಸ್ತಿ ಮಾಡುತ್ತೀರಿ, ತುಟ್ಟಿಯಾದಾಗ ನಿಲ್ಲಿಸುತ್ತೀರಿ. ಅದೂ 0.72ರಂಥ ಸಂಖ್ಯೆಯೊಳಗೆ ಸೇರಿಕೊಳ್ಳುತ್ತದೆ. ಬೇರೆ ಬೇರೆ ಗಾತ್ರದ ಹತ್ತಾರು ಮಿಲ್‌ಗಳ ಲೆಕ್ಕ ಬೇಕು.

ಗಂಗಾವತಿ_ಮಿಲ್:
ಅರ್ಥವಾಯಿತು ಮೇಡಂ. ಇಲ್ಲಿ ಚಿಕ್ಕದು ದೊಡ್ಡದು ಎಲ್ಲಾ ಮಿಲ್‌ಗಳಿವೆ. ಗುರುತಿನವರನ್ನು ಕೇಳುತ್ತೇನೆ. ಕರೆಂಟ್ ಬಿಲ್, ಹಮಾಲಿ, ಬಡ್ಡಿ ಬಿಟ್ಟು ಇನ್ನೇನು ಬರೆದುಕೊಳ್ಳಬೇಕು?