ರೆಕಾರ್ಡರ್‌ಗೆ ಚಾರ್ಜ್ ಮಾಡುವ ಸೆಲ್ಲಾ, ಎಸೆಯುವ ಸೆಲ್ಲಾ?

ರಾಗಿಹೊಲ:
ಎಲ್ಲರಿಗೂ ನಮಸ್ಕಾರ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಪದ ಹಾಡುವ ಅಜ್ಜಿಯರ ಹಾಡುಗಳನ್ನು ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ನನ್ನದು ಎರಡು ಎಎ ಪೆನ್ಸಿಲ್ ಸೆಲ್ ಹಾಕುವ ಪುಟ್ಟ ರೆಕಾರ್ಡರ್. ಹೋದ ವಾರ ಒಬ್ಬ ಅಜ್ಜಿ ಹೆಣ್ಣೊಪ್ಪಿಸುವ ಪದ ಹಾಡುತ್ತಿದ್ದರು, ಕಣ್ಣು ಮುಚ್ಚಿಕೊಂಡು, ಸೆರಗಿನ ತುದಿ ಹಿಡಿದುಕೊಂಡು. ಅರ್ಧಕ್ಕೇ ರೆಕಾರ್ಡರ್ ಆಫ್ ಆಯಿತು. ಸೆಲ್ ಹೊಸದೇ, ಬೆಳಿಗ್ಗೆ ಊರಿನ ಅಂಗಡಿಯಲ್ಲಿ ತಂದಿದ್ದು, ಒಂದು ಗಂಟೆಯೂ ಬರಲಿಲ್ಲ. ಇನ್ನೊಂದು ಸಲ ಹಾಡಿ ಅಂತ ಕೇಳಿದೆ, ಹಾಡಿದರು, ಆದರೆ ಮೊದಲಿನ ಹಾಗೆ ಬರಲಿಲ್ಲ. ತುಂಬಾ ಬೇಜಾರಾಯಿತು. ಚಾರ್ಜ್ ಮಾಡುವ ಸೆಲ್ ತಗೊಳ್ಳೋಣ ಅಂದರೆ ಅದರ ಮೇಲೆ 1.2 ವೋಲ್ಟ್ ಅಂತ ಇರುತ್ತೆ, ಮಾಮೂಲಿ ಸೆಲ್‌ನಲ್ಲಿ 1.5. ಕಡಿಮೆ ಆಗಲ್ವಾ?

ಕೆಂಪುದೀಪ:
ಮೊದಲು ಆ ಸೆಲ್ ಮೇಲಿನ ಸಣ್ಣ ಅಕ್ಷರ ನೋಡಿ. ಆರ್6 ಅಂತ ಇದ್ದರೆ ಅದು ಜಿಂಕ್ ಕಾರ್ಬನ್. ಎಲ್‌ಆರ್6 ಅಂದರೆ ಆಲ್ಕಲೈನ್, ಎಚ್‌ಆರ್6 ಅಂದರೆ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್, ಚಿಕ್ಕದಾಗಿ ಎನ್‌ಐಎಂಎಚ್. ಜಿಂಕ್ ಕಾರ್ಬನ್ ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಚೆನ್ನಾಗಿದೆ, ರೆಕಾರ್ಡರ್ ಥರ ಒಂದೇ ಸಮ ಕರೆಂಟ್ ಎಳೆಯುವ ಸಾಧನಕ್ಕೆ ಅಲ್ಲ.

1.2 ವೋಲ್ಟ್ ಬಗ್ಗೆ ಹೆದರಬೇಡಿ. ಆಲ್ಕಲೈನ್ 1.5ರಲ್ಲಿ ಶುರುವಾದರೂ ಬಳಸುತ್ತಾ ಹೋದ ಹಾಗೆ ಇಳಿಯುತ್ತಲೇ ಇರುತ್ತದೆ, ಅರ್ಧ ಖರ್ಚಾಗುವ ಹೊತ್ತಿಗೆ ಅದೂ 1.2ರ ಆಸುಪಾಸಿಗೆ ಬಂದಿರುತ್ತದೆ. ಚಾರ್ಜ್ ಸೆಲ್ ಹೆಚ್ಚು ಕಡಿಮೆ ಕೊನೆಯವರೆಗೂ ಅಲ್ಲೇ ನಿಲ್ಲುತ್ತದೆ, ಆಮೇಲೆ ದಡಕ್ಕನೆ ಬೀಳುತ್ತದೆ. ಅದಕ್ಕೇ ರೆಕಾರ್ಡರ್ ಮೆನುವಿನಲ್ಲಿ ಬ್ಯಾಟರಿ ಟೈಪ್ ಅಂತ ಇದ್ದರೆ ಎನ್‌ಐಎಂಎಚ್ ಆರಿಸಿ. ಆಲ್ಕಲೈನ್ ಅಂತಲೇ ಬಿಟ್ಟರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಅಂತ ತೋರಿಸುತ್ತದೆ. ಹೊರಗಿನ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ನಡೆಯಲು ಬೇಕಾದ ಕರೆಂಟನ್ನು ರೆಕಾರ್ಡರ್‌ನಿಂದಲೇ ಕೊಡುತ್ತಿದ್ದೀರಾ? ಹಾಗಿದ್ದರೆ ಯಾವ ಸೆಲ್ ಆದರೂ ಬೇಗ ಮುಗಿಯುತ್ತದೆ.

ಘಟ್ಟದಮೇಲೆ:
ನಾನು ಎಸೆಯುವ ಸೆಲ್ಲನ್ನು ಪೂರ್ತಿ ಬಿಡಿ ಅನ್ನಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟೇ ಇರಲ್ಲ, ಆಗ ಚಾರ್ಜರ್ ಇಟ್ಟುಕೊಂಡು ಏನು ಮಾಡೋದು? ಬ್ಯಾಗಿನಲ್ಲಿ ಒಂದು ಜೊತೆ ಒಳ್ಳೆಯ ಆಲ್ಕಲೈನ್ ಇರಲೇಬೇಕು.

ಚಾರ್ಜ್ ಸೆಲ್ ತಗೊಂಡರೆ ಸುಮ್ನೆ ಇಟ್ಟರೆ ತನ್ನಷ್ಟಕ್ಕೆ ಚಾರ್ಜ್ ಬೇಗ ಇಳಿಯದ ಬಗೆಯದ್ದೇ ತಗೊಳ್ಳಿ. ಹಳೇ ಥರದವು ಸುಮ್ನೆ ಡ್ರಾಯರ್‌ನಲ್ಲಿ ಎರಡು ಮೂರು ತಿಂಗಳು ಇಟ್ಟರೆ ಬಹುಪಾಲು ಖಾಲಿ. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಅನ್ನೋ ಇಂಥ ಸೆಲ್ ತಂದ ಮೇಲೆ ಈ ತೊಂದರೆ ತುಂಬಾ ಕಮ್ಮಿಯಾಯಿತು, ಈಗ ಬೇರೆ ಕಂಪನಿಗಳೂ ಮಾಡುತ್ತವೆ. ಎಎ ಸೈಜಿನಲ್ಲಿ 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಹತ್ತಿರ ಇದ್ದರೆ ಸಾಕು. ಪ್ಯಾಕೆಟ್ ಮೇಲೆ 4000, 5000 ಅಂತ ಹಾಕಿದ್ದನ್ನು ಮುಟ್ಟಬೇಡಿ, ಆ ಸೈಜಿನಲ್ಲಿ ಅಷ್ಟು ಹಿಡಿಯುವುದೇ ಇಲ್ಲ.

ಚಾರ್ಜರ್‌ನಲ್ಲಿ ಮಾತ್ರ ಜಿಪುಣತನ ಬೇಡ. ಜೋಡಿಯಾಗಿ ಮಾತ್ರ ಚಾರ್ಜ್ ಮಾಡುವ, ಟೈಮರ್ ಮುಗಿಯುವ ತನಕ ಓಡುವ ಅಗ್ಗದ್ದು ನನ್ನ ಹತ್ತಿರ ಇತ್ತು. ಒಂದು ಸೆಲ್ ತುಂಬಿ ಕೈಗೆ ಹಿಡಿಯಲಾಗದಷ್ಟು ಬಿಸಿ, ಪಕ್ಕದ್ದು ಇನ್ನೂ ಅರ್ಧ. ಒಂದೇ ವರ್ಷದಲ್ಲಿ ನಾಲ್ಕೂ ಹಾಳಾದವು. ಪ್ರತಿ ಸೆಲ್ಲನ್ನೂ ಬೇರೆ ಬೇರೆ ಗಮನಿಸಿ ನಿಲ್ಲಿಸುವ ಚಾರ್ಜರ್ ತಗೊಳ್ಳಿ.

ಹಳೇರೇಡಿಯೊ:
ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ, ಅದರಲ್ಲೂ ಆಲ್ಕಲೈನ್. ಅಪ್ಪನ ರೇಡಿಯೊದಲ್ಲಿ ಹಾಗೇ ಮರೆತು, ವರ್ಷವಾದ ಮೇಲೆ ತೆರೆದರೆ ಸ್ಪ್ರಿಂಗ್ ಸುತ್ತ ಉಪ್ಪಿನ ಹಾಗೆ ಬಿಳಿ ಪುಡಿ. ಹತ್ತಿಗೆ ನಿಂಬೆರಸ ಹಚ್ಚಿ ಉಜ್ಜಿದೆ, ಒಂದು ಕಡೆ ಸರಿಹೋಯಿತು, ಇನ್ನೊಂದು ಕಡೆ ತಂತಿಯೇ ತಿಂದುಹೋಗಿತ್ತು. ಹಳೇ ಸೆಲ್ ಹೊಸ ಸೆಲ್ ಬೆರೆಸಿ ಹಾಕಲೂ ಬೇಡಿ.

ರಾಗಿಹೊಲ:
ನೋಡಿದೆ, ಆರ್6 ಅಂತಲೇ ಇದೆ! ಇಷ್ಟು ದಿನ ಸೆಲ್ ಅಂದರೆ ಎಲ್ಲಾ ಒಂದೇ ಅಂದುಕೊಂಡಿದ್ದೆ. ಮೆನುವಿನಲ್ಲಿ ಬ್ಯಾಟರಿ ಟೈಪ್ ಕೂಡ ಸಿಕ್ಕಿತು. ಎಂಟು ಚಾರ್ಜ್ ಸೆಲ್, ಒಂದು ಚಾರ್ಜರ್ ಆರ್ಡರ್ ಮಾಡಿದ್ದೇನೆ. ಬಂದ ತಕ್ಷಣ ಜೋಡಿ ಕಲೆಯದ ಹಾಗೆ ಮಾರ್ಕರ್‌ನಲ್ಲಿ ನಂಬರ್ ಬರೆಯುತ್ತೇನೆ. ಅಜ್ಜಿ ಮುಂದಿನ ಶನಿವಾರ ಬಾ ಅಂದಿದ್ದಾರೆ. ಅವತ್ತು ಬ್ಯಾಗಿನಲ್ಲಿ ಒಂದು ಜೊತೆ ಎಲ್‌ಆರ್6 ಕೂಡ ಇರುತ್ತದೆ.