ಸ್ಟುಟ್‌ಗಾರ್ಟ್ ಏರಿಗೆ ಯಾವ ಎಲೆಕ್ಟ್ರಿಕ್ ಕಾರ್ಗೋ ಸೈಕಲ್? ಇಬ್ಬರು ಮಕ್ಕಳು, ದಿನಸಿ, ಜೊತೆಗೆ ಅಮ್ಮ

ಹಾಸನ_ಟು_ಹೆಸ್ಲಾಖ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನ ಹೆಸ್ಲಾಖ್‌ನಲ್ಲಿ, ಅಂದ್ರೆ ಬಾಣಲೆಯಂಥ ಈ ಊರಿನ ತಳದಲ್ಲಿ. ಮಕ್ಕಳ ಕಿಂಡರ್‌ಗಾರ್ಟನ್ ಮೇಲೆ ಡೇಗರ್‌ಲಾಖ್‌ನಲ್ಲಿ. ಮಗನಿಗೆ 6, ಮಗಳಿಗೆ 3. ಈಗ ಮಾರಿಯನ್‌ಪ್ಲಾಟ್ಸ್‌ನಿಂದ ಟ್ಸಾಕೆ ಹತ್ತಿ ಹೋಗುತ್ತೇವೆ. 1884ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು, ಮುಂದೆ ಸೈಕಲ್ ಇಡಲು ಪುಟ್ಟ ಗಾಡಿ ಬೇರೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಇಬ್ಬರು ಮಕ್ಕಳು, ಎರಡು ಬ್ಯಾಗು, ಬರುವಾಗ ಹಾಲು ತರಕಾರಿ, ನಡುವೆ ಅವರಿಬ್ಬರ ಜಗಳ, ಸಾಕಾಗಿ ಹೋಗಿದೆ.

ಅದಕ್ಕೇ ಮಕ್ಕಳನ್ನೂ ಸಾಮಾನನ್ನೂ ಹೊರುವ ಎಲೆಕ್ಟ್ರಿಕ್ ಕಾರ್ಗೋ ಸೈಕಲ್ ಕೊಳ್ಳೋಣ ಅಂತ. ಕಾರು ಬೇಡ, ನಿಲ್ಲಿಸಲು ಜಾಗವೇ ಇಲ್ಲ. 5ರಿಂದ 6 ಸಾವಿರ ಯೂರೋ ತನಕ ಕೊಡಬಹುದು. ಮೇ ತಿಂಗಳಲ್ಲಿ ಊರಿಂದ ಅಮ್ಮ ಬರುತ್ತಾರೆ, ಮೂರು ತಿಂಗಳಿಗೆ. ಮಂಡಿನೋವು ಇದೆ, ಅವರನ್ನೂ ಕೂರಿಸಿಕೊಂಡು ಹೋಗಬಹುದಾ? ಅಂಗಡಿಯವನನ್ನು ಕೇಳಿದರೆ "ಎಲ್ಲವೂ ಹತ್ತುತ್ತವೆ" ಅಂದುಬಿಟ್ಟ. ಹೌದಾ?

ಮೂರನೇ_ಗೇರ್

ಹತ್ತುವುದು ಇರಲಿ ಮೇಡಂ, ಇಳಿಯುವುದನ್ನು ಮೊದಲು ಕೇಳಿ. ನಾನು ನಾಲ್ಕು ವರ್ಷದಿಂದ ಇದೇ ಊರಲ್ಲಿ ಮಕ್ಕಳನ್ನು ಹೇರಿಕೊಂಡು ಓಡಿಸುತ್ತಿದ್ದೇನೆ. ಸೈಕಲ್, ನೀವು, ಮಕ್ಕಳು, ಚೀಲ ಎಲ್ಲ ಸೇರಿ 150 ಕೆಜಿ ಅಂತಿಟ್ಟುಕೊಳ್ಳಿ. ಮಾರಿಯನ್‌ಪ್ಲಾಟ್ಸ್‌ನಿಂದ ಡೇಗರ್‌ಲಾಖ್ ಸುಮಾರು 200 ಮೀಟರ್ ಎತ್ತರ. ಅಲ್ಲಿಂದ ಇಳಿದು ಬರುವಾಗ ಬ್ರೇಕ್ ನುಂಗಬೇಕಾದ ಶಾಖ ಎಷ್ಟು ಗೊತ್ತಾ? ಮುಕ್ಕಾಲು ಲೀಟರ್ ತಣ್ಣೀರು ಕುದಿಯುವಷ್ಟು. ಪ್ರತಿ ದಿನ ಕಾಫಿಗೆ ನೀರು ಕಾಯಿಸುವ ಕೆಲಸವನ್ನು ಎರಡು ತೆಳ್ಳನೆಯ ಡಿಸ್ಕ್‌ಗಳು ಮಾಡುತ್ತಿರುತ್ತವೆ.

ಹಾಗಾಗಿ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರಲೇಬೇಕು, ಅದರಲ್ಲೂ ನಾಲ್ಕು ಪಿಸ್ಟನ್‌ದು ಸಿಕ್ಕರೆ ಒಳ್ಳೆಯದು, ಡಿಸ್ಕ್ ದೊಡ್ಡದಿರಲಿ. ಕೇಬಲ್ ಎಳೆಯುವ ಬ್ರೇಕ್ ಇರುವುದನ್ನು ಸುಮ್ನೆ ಕೊಟ್ಟರೂ ಮುಟ್ಟಬೇಡಿ. ಇಳಿಯುವಾಗ ಉದ್ದಕ್ಕೂ ಒತ್ತಿ ಹಿಡಿಯಬಾರದು. ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ನಾನು ಮೊದಲ ಚಳಿಗಾಲದಲ್ಲಿ ಇದು ಗೊತ್ತಿಲ್ಲದೆ ಒತ್ತಿಕೊಂಡೇ ಇಳಿದೆ. ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ, ಪ್ಯಾಡ್ ಮೇಲೆ ಕನ್ನಡಿಯಂಥ ಹೊಳಪು, ಹಿಡಿದರೆ ಕೀಚ್ ಅನ್ನುತ್ತದೆ, ನಿಲ್ಲುವುದಿಲ್ಲ.

ಇನ್ನು ಹತ್ತುವ ವಿಷಯ. ನಾನು ಮೊದಲು ಆನ್‌ಲೈನ್‌ನಲ್ಲಿ ಅಗ್ಗದ್ದೊಂದು ತರಿಸಿದ್ದೆ, ಹಿಂದಿನ ಚಕ್ರದೊಳಗೇ ಮೋಟರ್. ಸಪಾಟು ರಸ್ತೆಯಲ್ಲಿ ರಾಜ. ಡೇಗರ್‌ಲಾಖ್‌ಗೆ ಹತ್ತುವ ಆಲ್ಟೆ ವೈನ್‌ಸ್ಟೈಗ ರಸ್ತೆಯ ಅರ್ಧಕ್ಕೆ ಬಿಸಿಯಾಗಿ ಕೈಕೊಟ್ಟಿತು. ಮಕ್ಕಳನ್ನು ಇಳಿಸಿ 35 ಕೆಜಿ ಕಬ್ಬಿಣವನ್ನು ತಳ್ಳಿಕೊಂಡು ಹೋದೆ, ಮಗ ಹಿಂದಿನಿಂದ "ಅಪ್ಪಾ, ಟ್ಸಾಕೆ ಬಂತು" ಅಂತ ಕೂಗುತ್ತಿದ್ದ. ಚಕ್ರದ ಮೋಟರ್‌ಗೆ ಗೇರ್‌ನ ಸಹಾಯ ಇಲ್ಲ. ನಿಧಾನವಾದಷ್ಟೂ ಅದಕ್ಕೆ ಕಷ್ಟ, ಕರೆಂಟು ಶಾಖವಾಗಿ ಹೋಗುತ್ತದೆ. ಪೆಡಲ್ ಹತ್ತಿರ ಕೂರುವ ಮೋಟರ್ ಚೈನಿನ ಮೂಲಕವೇ ತಳ್ಳುತ್ತದೆ, ನೀವು ಸಣ್ಣ ಗೇರ್‌ಗೆ ಇಳಿಸಿದರೆ ಅದಕ್ಕೂ ಹಗುರ. ಬಾಷ್‌ನ ಕಾರ್ಗೋ ಮೋಟರ್‌ನ ತಿರುಗಿಸುವ ಬಲ 85 ನ್ಯೂಟನ್ ಮೀಟರ್, ನಿಮ್ಮ ದಾರಿಗೆ ಸಾಕು. ಗೇರ್ ಮಾತ್ರ ಏರು ಶುರುವಾಗುವ ಮುಂಚೆಯೇ ಇಳಿಸಬೇಕು, ನಡುವೆ ಇಳಿಸಿದರೆ ಚೈನ್ ಅಳುತ್ತದೆ.

ಬ್ಯಾಟರಿ 500 ವಾಟ್ ಅವರ್ ಇದ್ದರೆ ಇಷ್ಟು ಭಾರಕ್ಕೆ ಲೆಕ್ಕದಲ್ಲಿ ಐದು ಸಲ ಹತ್ತಬಹುದು. ಚಳಿಯಲ್ಲಿ ನಾಲ್ಕು ಅಂದುಕೊಳ್ಳಿ. ರಾತ್ರಿ ಬ್ಯಾಟರಿಯನ್ನು ಮನೆಯೊಳಗೆ ತನ್ನಿ.

ಉಟ್ರೆಕ್ಟ್_ಉಡುಪಿ

ನಮ್ಮಲ್ಲಿ ಏರು ಅಂದರೆ ಕಾಲುವೆ ಮೇಲಿನ ಸೇತುವೆ, ಹಾಗಾಗಿ ಮೋಟರ್ ಬಗ್ಗೆ ನಾನು ಬಾಯಿ ತೆರೆಯುವುದಿಲ್ಲ :) ಆದರೆ ಮುಂದೆ ಪೆಟ್ಟಿಗೆ ಇರುವುದನ್ನು ಐದು ವರ್ಷ ಓಡಿಸಿದ್ದೇನೆ. ಮಕ್ಕಳು ಕಣ್ಣೆದುರು ಇರುತ್ತಾರೆ, ಮಳೆಗೆ ಮುಚ್ಚಳ ಇದೆ, 3 ವರ್ಷದವಳು ಅಲ್ಲೇ ನಿದ್ದೆ ಹೊಡೆಯುತ್ತಾಳೆ. ಆ ಸುಖ ಬೇರೆ. ಕಷ್ಟ ಏನೆಂದರೆ ಅದು ಎರಡೂವರೆ ಮೀಟರ್‌ಗಿಂತ ಉದ್ದ. ಎಲ್ಲಿಡುತ್ತೀರಿ?

ಹಳೆಯದು ಕೊಳ್ಳುವುದಾದರೆ ಒಂದು ಎಚ್ಚರಿಕೆ. 2024ರ ಫೆಬ್ರವರಿಯಲ್ಲಿ ಇಲ್ಲಿ ನೆದರ್‌ಲ್ಯಾಂಡ್ಸ್‌ನ ಸರ್ಕಾರಿ ಸುರಕ್ಷತಾ ಇಲಾಖೆ ಫ್ರೇಮ್ ಮುರಿಯುವ ದೂರಿನ ಮೇಲೆ ಬಾಬೂ ಕಂಪನಿಯ ಕಾರ್ಗೋ ಸೈಕಲ್ ಮಾರಾಟವನ್ನೇ ನಿಲ್ಲಿಸಿತ್ತು. ಅಂಥವು ಯಾರ ಗ್ಯಾರೇಜಿಂದಲಾದರೂ ಅಗ್ಗಕ್ಕೆ ಬರಬಹುದು. ಯಾವ ಕಂಪನಿಯದೇ ಆಗಲಿ, ಫ್ರೇಮ್ ನಂಬರ್ ಹಾಕಿ ವಾಪಸ್ ಕರೆದಿದ್ದಾರಾ ನೋಡದೆ ದುಡ್ಡು ಕೊಡಬೇಡಿ.

ಮಂಡ್ಯ_ಎಕ್ಸ್‌ಎಲ್

ಆರು ಸಾವಿರ ಯೂರೋನಾ! ನಮ್ಮಪ್ಪ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಎರಡು ಹಾಲಿನ ಕ್ಯಾನು, ಒಂದು ಹೊರೆ ಹುಲ್ಲು, ಅದರ ಮೇಲೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಕಾರ್ಗೋ ಬೈಕ್ ಅಂದರೆ ಅದೇ ಅಲ್ವಾ.

ಮೂರನೇ_ಗೇರ್

ಅದೇ ಸರ್. ಅದಕ್ಕೂ ಇಳಿಜಾರಿನಲ್ಲಿ ದೇವರೇ ಬ್ರೇಕ್.

ಮೇಡಂ, ಉಡುಪಿಯವರು ಕೇಳಿದ್ದು ಸರಿ, ಜಾಗದ ಪ್ರಶ್ನೆ ದೊಡ್ಡದು. ಹಳೇ ಕಟ್ಟಡ ಆದರೆ ನೆಲಮಾಳಿಗೆಗೆ ಇಳಿಸಲು ಆಗುವುದಿಲ್ಲ. ಮೆಟ್ಟಿಲ ಕೆಳಗೆ ಇಟ್ಟರೆ ಕೇರ್‌ವೊಖೆ (ಕಟ್ಟಡ ಗುಡಿಸುವ ವಾರದ ಸರದಿ) ಬೋರ್ಡು ಯಾರ ಬಾಗಿಲಲ್ಲಿ ತೂಗುತ್ತಿದೆಯೋ ಅವರು ನಿಮ್ಮನ್ನು ಗುಡಿಸಿ ಹಾಕುತ್ತಾರೆ. ನಿಮಗೆ ಹಿಂದಿನ ಕ್ಯಾರಿಯರ್ ಉದ್ದ ಇದ್ದು ಮಕ್ಕಳು ಅಲ್ಲೇ ಕೂರುವ ಜಾತಿಯೇ ಸರಿ. ಟರ್ನ್ ಕಂಪನಿಯ ಜಿಎಸ್‌ಡಿ ನೋಡಿ. ಸಾಮಾನ್ಯ ಸೈಕಲ್‌ನಷ್ಟೇ, 1.8 ಮೀಟರ್ ಉದ್ದ, ಬಾಲದ ಮೇಲೆ ನೆಟ್ಟಗೆ ನಿಲ್ಲಿಸಬಹುದು, ಚಕ್ರ 20 ಇಂಚಿನದಾದ್ದರಿಂದ ಭಾರ ಕೆಳಗೇ ಇರುತ್ತದೆ, ಎಲ್ಲ ಸೇರಿ 200 ಕೆಜಿ ತನಕ ಹೊರುತ್ತದೆ. ನಿಮ್ಮ ಬಜೆಟ್ ದಾಟಬಹುದು. ಯಜಮಾನರ ಆಫೀಸಿನಲ್ಲಿ ಸೈಕಲ್ ಲೀಸ್ ಇದೆಯಾ ಕೇಳಿ, ಇಲ್ಲಿ ತುಂಬ ಕಂಪನಿಗಳು ಕೊಡುತ್ತವೆ. ಬಾಡಿಗೆ ಗ್ರಾಸ್ ಸಂಬಳದಿಂದ, ಅಂದ್ರೆ ತೆರಿಗೆ ಕಳೆಯುವ ಮುಂಚೆಯೇ ಹೋಗುತ್ತದೆ, ತಿಂಗಳಿಗೆ ಪಟ್ಟಿಬೆಲೆಯ 0.25 ಶೇಕಡಾ ಮಾತ್ರ ತೆರಿಗೆ ಲೆಕ್ಕಕ್ಕೆ ಆದಾಯದಲ್ಲಿ ಸೇರಿಸುತ್ತಾರೆ. 6 ಸಾವಿರದ ಸೈಕಲ್‌ಗೆ 15 ಯೂರೋ.

ಅಮ್ಮನ ವಿಷಯ: ಕಾನೂನಿನ ಅಡ್ಡಿ ಇಲ್ಲ. ಮೊದಲು 7 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇತ್ತು. 2020ರ ತಿದ್ದುಪಡಿ ಬಂದ ಮೇಲೆ, ಜನರನ್ನು ಕೂರಿಸಲೆಂದೇ ಮಾಡಿದ ಸೈಕಲ್ ಆದರೆ ದೊಡ್ಡವರೂ ಕೂರಬಹುದು, ಓಡಿಸುವವರಿಗೆ 16 ತುಂಬಿರಬೇಕು ಅಷ್ಟೆ. ಹಿಂದಿನ ಕ್ಯಾರಿಯರ್ ಎಷ್ಟು ಹೊರುತ್ತದೆ ಅಂತ ಪುಸ್ತಕದಲ್ಲಿ ನೋಡಿ. ಮಕ್ಕಳು ಮತ್ತು ಅಮ್ಮ ಒಟ್ಟಿಗೆ ಬೇಡ. ಸೀರೆಯಲ್ಲಿ ಒಂದೇ ಪಕ್ಕಕ್ಕೆ ಕೂರುವುದು ಬೇಡವೇ ಬೇಡ. ಎರಡೂ ಕಡೆ ಕಾಲು ಹಾಕಿ, ಚೂಡಿದಾರ್‌ನಲ್ಲಿ. ಚಕ್ರಕ್ಕೆ ಪಕ್ಕದ ಮುಚ್ಚಳ ಹಾಕಿಸಿ, ನಮ್ಮೂರ ಬೈಕ್‌ಗಳ ಸೀರೆ ಗಾರ್ಡ್ ಇದ್ದ ಹಾಗೆ.

ಕೊನೆಯದಾಗಿ, ಅಂಗಡಿ ಮುಂದಿನ ಸಪಾಟು ಬೀದಿಯಲ್ಲಿ ಒಂದು ಸುತ್ತು ಹಾಕಿ ಬರಬೇಡಿ. ಭಾರ ಹೇರಿಕೊಂಡು ಏರಿಗೇ ಹೋಗಿ. ಬಿಡುವುದಿಲ್ಲ ಅಂದರೆ ಬೇರೆ ಅಂಗಡಿ.

ಹಾಸನ_ಟು_ಹೆಸ್ಲಾಖ್

ಮೊದಲನೇ ಅಂಗಡಿಯವರು ಬಿಡಲಿಲ್ಲ. ಎರಡನೆಯವರು ಬಿಟ್ಟರು. ನಿನ್ನೆ ಇಬ್ಬರು ಮಕ್ಕಳು, ಜೊತೆಗೆ 10 ಕೆಜಿ ಸೋನಾ ಮಸೂರಿ ಚೀಲ ಹಾಕಿಕೊಂಡು ಜಿಎಸ್‌ಡಿಯಲ್ಲಿ ಡೇಗರ್‌ಲಾಖ್ ತನಕ ಹೋಗಿ ಬಂದೆ. ಹತ್ತುವಾಗ ಬೆವರೂ ಬರಲಿಲ್ಲ. ಇಳಿಯುವಾಗ ನಿಮ್ಮ ಕಾಫಿ ನೀರು ನೆನಪಾಗಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಬಂದೆ, ವಾಸನೆ ಇಲ್ಲ. ಕಷ್ಟವಾಗಿದ್ದು ನಿಲ್ಲಿಸುವಾಗ. ಮಕ್ಕಳು ಕೂತಿರುವಾಗಲೇ ಸ್ಟ್ಯಾಂಡ್ ಹಾಕಬೇಕು, ನಾನೋ ಐದಡಿ ಒಂದಿಂಚು. ಕೈಯಿಂದ ಎತ್ತಬೇಡಿ, ಸ್ಟ್ಯಾಂಡ್ ಮೇಲೆ ಕಾಲಿಟ್ಟು ಮೈಭಾರ ಬಿಡಿ ಅಂತ ಅಂಗಡಿ ಹುಡುಗಿ ಹೇಳಿಕೊಟ್ಟಳು. ಮೂರನೇ ಸಲಕ್ಕೆ ಬಂತು. ಲೀಸ್ ಅರ್ಜಿ ಹಾಕಿದ್ದೇವೆ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಚೂಡಿದಾರ್‌ಗೆ ಒಪ್ಪಿದರು, ಹೆಲ್ಮೆಟ್‌ಗೆ ಒಪ್ಪುತ್ತಿಲ್ಲ. ಇಲ್ಲಿ ಕಡ್ಡಾಯ ಅಲ್ಲ ಅಂತ ನನ್ನ ಗಂಡನೇ ಹೇಳಿಕೊಟ್ಟುಬಿಟ್ಟಿದ್ದಾರೆ. ತುರುಬು ಇರುವವರಿಗೆ ಸರಿಹೋಗುವ ಹೆಲ್ಮೆಟ್ ಯಾರಾದರೂ ನೋಡಿದ್ದೀರಾ?