ತಿಪ್ಪೆಗೊಬ್ಬರದಲ್ಲಿ ಸತ್ವವೇ ಇಲ್ಲ, ಏನು ಮಾಡಲಿ?

ಚಿಂತಾಮಣಿ ಕಡೆಯ ರೈತರ ಪ್ರಶ್ನೆ: ಮೂರು ಎಕರೆ ಕೆಂಪು ಮಣ್ಣಿನ ಖುಷ್ಕಿ, ನಾಲ್ಕು ಹಸು. ವರ್ಷವಿಡೀ ಸಗಣಿಯನ್ನು ಹಿತ್ತಲಿನ ತಿಪ್ಪೆಗೆ ಎಸೆದು, ಮೇ ತಿಂಗಳಲ್ಲಿ ಹೊಲಕ್ಕೆ ಹೊಡೆಯುತ್ತೇವೆ. ಮೇಲಿನ ಗೊಬ್ಬರ ಬೂದಿಯಂತೆ ಹಗುರ, ಅಡಿಯದು ಹಸಿ, ನಡುವೆ ಬೇರು ತಿನ್ನುವ ಗೊಣ್ಣೆಹುಳು. ಹೋದ ವರ್ಷ ರಾಗಿ ಹಳದಿಯಾಗಿ ನಿಂತುಬಿಟ್ಟಿತು. ಕೋಳಿಗೊಬ್ಬರ ಕೊಳ್ಳಲೇ? ಅನುಭವಸ್ಥರು ಹೇಳಿ.

ತಿಪಟೂರಿನಿಂದ: ಕೊಳ್ಳುವ ಮೊದಲು ಕೊಟ್ಟಿಗೆಯ ಗಂಜಲ ಎಲ್ಲಿಗೆ ಹರಿಯುತ್ತಿದೆ ನೋಡಿ. ನಮ್ಮದು ಹತ್ತು ವರ್ಷ ಚರಂಡಿ ಸೇರಿತು. ಚರಂಡಿ ಪಕ್ಕದ ಬಾಳೆ ಮಾತ್ರ ಆನೆಯ ಹಾಗೆ ಬೆಳೆಯುತ್ತಿತ್ತು. ಅದನ್ನು ಕಂಡೂ ಬುದ್ಧಿ ಬರಲಿಲ್ಲ ಎಂಬುದೇ ನಾಚಿಕೆ. ಈಗ ಇಪ್ಪತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ. ಒಂದು ತುದಿಯಿಂದ ತುಂಬುತ್ತೇವೆ, ಗಂಜಲವೂ ಅಲ್ಲಿಗೇ. ತುಂಬಿದ ಭಾಗಕ್ಕೆ ಸಗಣಿ ಬೆರೆಸಿದ ಕೆಸರು ಮೆತ್ತುತ್ತೇವೆ. ನಾಲ್ಕೈದು ತಿಂಗಳಿಗೆ ತೆಗೆದರೆ ಕಪ್ಪಗೆ ಪುಡಿಪುಡಿ, ಮಳೆ ಬಿದ್ದ ನೆಲದ ವಾಸನೆ.

ಶಿರಸಿ ಕಡೆಯಿಂದ: ನಮ್ಮಲ್ಲಿ ಬೆಟ್ಟದಿಂದ ತಂದ ದರಕು (ಒಣಗಿದ ಎಲೆ), ಸೊಪ್ಪು ಹಾಸದೆ ದನ ಕಟ್ಟುವುದೇ ಇಲ್ಲ. ನಿಮಗೆ ಬೆಟ್ಟವಿಲ್ಲದಿದ್ದರೇನು, ಹಸು ತಿಂದು ಬಿಟ್ಟ ಹುಲ್ಲು, ಅವರೆ ಹೊಟ್ಟು, ತರಗೆಲೆ ಹಾಸಿ. ಗಂಜಲ ಹೀರಿಕೊಳ್ಳುತ್ತದೆ.

ದೊಡ್ಡಬಳ್ಳಾಪುರದಿಂದ, ಕೃಷಿ ಓದಿದವನು: ರಾಗಿ ಹಳದಿಯಾದದ್ದು ಅಡಿಯ ಹಸಿ ಗೊಬ್ಬರದಿಂದ ಇರಬಹುದು. ಅರೆಕಳಿತ ಹುಲ್ಲು ಮಣ್ಣಿಗೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಪೈರಿನ ಪಾಲಿನ ಸಾರಜನಕವನ್ನೇ ಕಸಿದುಕೊಳ್ಳುತ್ತವೆ. ಮೇಲಿನದು ಬೂದಿಯಾದದ್ದು ಬಿಸಿಲು, ಮಳೆಯಿಂದ. ಬೆಳಗ್ಗೆ ಕೊಟ್ಟಿಗೆಯಲ್ಲಿ ಕಣ್ಣಿಗೆ ಚುರುಕು ಮುಟ್ಟಿಸುವ ಘಾಟು ಇದೆಯಲ್ಲ, ಅದು ಅಮೋನಿಯಾ, ಸಾರಜನಕವಿರುವ ಅನಿಲ. ನಿಮ್ಮ ದುಡ್ಡೇ ಗಾಳಿಗೆ ಹೋಗುತ್ತಿರುವುದು.

ಲೆಕ್ಕ ಹೇಳುತ್ತೇನೆ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು, ಅಂದರೆ ಟನ್ನಿಗೆ 5 ಕಿಲೋ. ಖುಷ್ಕಿ ರಾಗಿಗೆ ಎಕರೆಗೆ 3 ಟನ್ ಹಾಕಿದರೆ 15 ಕಿಲೋ, ಅದೂ ಎಲ್ಲ ಒಂದೇ ವರ್ಷ ಪೈರಿಗೆ ಸಿಗುವುದಿಲ್ಲ. ಹಾಗಾಗಿ ರಸಗೊಬ್ಬರವನ್ನು ಪೂರ್ತಿ ಬಿಡಿ ಎನ್ನುವವನು ನಾನಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದ ಖುಷ್ಕಿ ರಾಗಿ ಪ್ರಯೋಗದಲ್ಲಿ ಬರೀ ರಸಗೊಬ್ಬರದ ತಾಕುಗಳ ಇಳುವರಿ ಬರಬರುತ್ತಾ ಇಳಿಯಿತು. ಕೊಟ್ಟಿಗೆ ಗೊಬ್ಬರವೂ ರಸಗೊಬ್ಬರವೂ ಸೇರಿ ಬಿದ್ದ ತಾಕುಗಳ ಇಳುವರಿ ಕುಸಿಯದೆ ನಿಂತಿತು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇನ್ನೂ ಸೋಜಿಗ. ಒಂದು ಬಾರ್ಲಿ ತಾಕಿಗೆ 1852ರಿಂದ 1871ರವರೆಗೆ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ಕಳೆದರೂ ಅಲ್ಲಿನ ಮಣ್ಣಿನ ಇಂಗಾಲ, ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಹೆಚ್ಚೇ ಇತ್ತು. ನಮ್ಮ ಬಿಸಿಲಿನಲ್ಲಿ ಇಂಗಾಲ ಅಷ್ಟು ನಿಲ್ಲದು, ಮತ್ತೆ ಮತ್ತೆ ಹಾಕುತ್ತಿರಬೇಕು.

ಕೊಪ್ಪಳದಿಂದ: ಗುಂಡಿಯ ರಗಳೆಯೇ ಬೇಡವೆಂದರೆ ಕುರಿ ನಿಲ್ಲಿಸಿ. ಸುಗ್ಗಿ ಮುಗಿದ ಮೇಲೆ ಕುರುಬರು ರಾತ್ರಿ ಹೊಲದಲ್ಲಿ ಮಂದೆ ಹಾಕುತ್ತಾರೆ. ಹಿಕ್ಕೆ, ಉಚ್ಚೆ ಎರಡೂ ಬೇರಿನ ಜಾಗಕ್ಕೇ ಬೀಳುತ್ತವೆ. ಮರುದಿನವೇ ಕುಂಟೆ ಹೊಡೆಯಿರಿ.

ಹೊಸಕೋಟೆಯಿಂದ: ಕೋಳಿಗೊಬ್ಬರದ ಬಗ್ಗೆ ಸುಟ್ಟುಕೊಂಡವನ ಮಾತು. ಲಾರಿಯಿಂದ ಇಳಿಸಿದ್ದನ್ನು ಹಾಗೆಯೇ ಟೊಮೆಟೊ ಸಾಲಿಗೆ ಕೊಟ್ಟೆ. ಎಂಟನೆಯ ದಿನ ಎಲೆಯ ಅಂಚು ಬೀಡಿ ತುದಿಯ ಹಾಗೆ ಕಂದಾಯಿತು. ಕೊಂಡರೂ ಎರಡು ಮೂರು ತಿಂಗಳು ಹುಲ್ಲಿನೊಡನೆ ಕೊಳೆಸಿ. ಗೊಣ್ಣೆಹುಳುವಿಗೆ ತಿಪ್ಪೆ ತಿರುವುವಾಗ ಕೋಳಿಗಳನ್ನು ಬಿಡಿ, ಆರಿಸಿ ತಿನ್ನುತ್ತವೆ. ಉಳಿದದ್ದಕ್ಕೆ ಹುಳುವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಬೆರೆಸಿ.

ತಿಪಟೂರಿನಿಂದ ಮತ್ತೆ: ಒಂದು ಬಿಟ್ಟುಹೋಗಿತ್ತು. ಮೇ ತಿಂಗಳಲ್ಲಿ ಹೊಲಕ್ಕೆ ಹೊಡೆದು ಗುಪ್ಪೆ ಗುಪ್ಪೆಯಾಗಿ ಒಣಗಲು ಬಿಡಬೇಡಿ. ಹರಡಿದ ದಿನವೇ ಉಳುಮೆಯಾಗಬೇಕು. ಟ್ರ್ಯಾಕ್ಟರ್ ಸಿಗದಿದ್ದರೆ ಗೊಬ್ಬರ ಗುಂಡಿಯಲ್ಲೇ ಇರಲಿ.

ಪ್ರಶ್ನೆ ಕೇಳಿದವರು: ಕೋಳಿಗೊಬ್ಬರದ ಮುಂಗಡ ಕೊಡಲಿಲ್ಲ. ಈ ವಾರ ಗುಂಡಿ ತೋಡಿಸುತ್ತೇನೆ. ಕೊಟ್ಟಿಗೆಯ ನೆಲ ಬಂಡೆ ಹಾಸಿದ್ದು, ಸಂದುಗಳಲ್ಲೇ ಗಂಜಲ ಇಂಗುತ್ತದೆ. ಸಿಮೆಂಟ್ ತುಂಬಿಸಿ ಇಳಿಜಾರು ಕೊಡಬೇಕು. ಹತ್ತಡಿಗೆ ಎಷ್ಟು ಇಂಚು ಕೊಟ್ಟಿದ್ದೀರಿ?

ತಿಪಟೂರಿನಿಂದ: ಎರಡು ಇಂಚು. ಹೆಚ್ಚು ಕೊಟ್ಟರೆ ಹಸು ಜಾರುತ್ತದೆ.